ಮ್ಯಾನೇಜರ ಮೆದು ಹವಳ

ಗಾಜಿನ ತೊಟ್ಟಿಗೆ ಒಂದು ತಿಂಗಳ ಸಂಬಳ. ಅದರ ಮೇಲೆ ತೂಗುವ ನೀಲಿ ದೀಪಕ್ಕೆ ಇನ್ನೊಂದು ತಿಂಗಳದ್ದು. ನೀರನ್ನು ಅಲೆಯ ಹಾಗೆ ಆಡಿಸುವ ಪುಟ್ಟ ಪಂಪಿಗೆ ಅರ್ಧ ತಿಂಗಳು. ಉಪ್ಪಿನ ಮಾತಂತೂ ಎತ್ತುವುದೇ ಬೇಡ. ಅಡುಗೆಮನೆಯ ಉಪ್ಪು ಅದಕ್ಕೆ ಆಗುವುದಿಲ್ಲ. ಸಮುದ್ರದ ನೀರನ್ನೇ ಮನೆಯಲ್ಲಿ ಕಲಸಿಕೊಳ್ಳುವ ಬೇರೆ ಉಪ್ಪು ಬೇಕು, ಅದರ ಒಂದು ಚೀಲಕ್ಕೆ ಒಂದು ವಾರದ ದುಡಿಮೆ. ಇಷ್ಟೆಲ್ಲ ವೈಭವದ ನಡುವೆ ಕಲ್ಲಿನ ಮೇಲೆ ಕೂತಿದ್ದ ಹವಳದ ಬೆಲೆ ಎಷ್ಟೆಂದು ಮಾತ್ರ ಮ್ಯಾನೇಜರು ಹೇಳಲಿಲ್ಲ. "ಕೇಳಬೇಡಿ, ನಿಮಗೆ ನಿದ್ದೆ ಬರಲ್ಲ" ಎಂದಷ್ಟೇ ಅಂದರು.

ಸಮಾಧಾನಪ್ಪನ ನಿದ್ದೆ ಕೇಳದೆಯೇ ಹೊರಟುಹೋಗಿತ್ತು.

ಅವನ ನಿಜವಾದ ಹೆಸರು ಅದಲ್ಲ. ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಅವನು ದೂರಿನ ಕೌಂಟರಿನಲ್ಲಿ ಕೂರುತ್ತಿದ್ದ. ಮಿಕ್ಸರ್ ಕೆಟ್ಟವರು, ಫ್ಯಾನು ಕಿರುಗುಟ್ಟುವವರು, ಇಸ್ತ್ರಿಪೆಟ್ಟಿಗೆಯಿಂದ ಅಂಗಿ ಸುಟ್ಟುಕೊಂಡವರು ಬೆಳಗಿನಿಂದ ಸಂಜೆಯವರೆಗೆ ಸಾಲಾಗಿ ಬಂದು ಅವನನ್ನು ಬೈದು ಹೋಗುತ್ತಿದ್ದರು. ಅವನು "ಸಮಾಧಾನ ಸಾರ್, ಸಮಾಧಾನ ಅಮ್ಮ" ಎನ್ನುತ್ತಿದ್ದ. ಹೆಸರು ಹಾಗೇ ಅಂಟಿಕೊಂಡಿತು. ಫ್ಯಾನನ್ನು ಅವನು ಮಾಡಿದ್ದಲ್ಲ, ಮಾರಿದ್ದೂ ಅಲ್ಲ. ಆದರೂ ಊರಿನ ಫ್ಯಾನುಗಳೆಲ್ಲ ಅವನ ತಲೆಯೊಳಗೇ ತಿರುಗುತ್ತಿದ್ದವು.

ಅವನಿಗೆ ಇದ್ದದ್ದು ಒಂದೇ ಆಸೆ. ಅಂಗಡಿಯ ಹಿಂಭಾಗದ ಸ್ಟಾಕ್ ರೂಮು. ಅಲ್ಲಿ ರಟ್ಟಿನ ಪೆಟ್ಟಿಗೆಗಳಿದ್ದವು, ಒಂದು ಕುರ್ಚಿಯಿತ್ತು, ಒಂದು ಕಿಟಕಿಯಿತ್ತು. ಪೆಟ್ಟಿಗೆಗಳು ಬೈಯುವುದಿಲ್ಲ. ಅಲ್ಲಿದ್ದ ಹಿರಿಯರು ಈ ತಿಂಗಳು ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಯಾರೆಂದು ತೀರ್ಮಾನಿಸುವವರು ಮ್ಯಾನೇಜರು. ಅದೇ ಹೊತ್ತಿಗೆ ಸರಿಯಾಗಿ ಮ್ಯಾನೇಜರ ಮನೆಗೆ ಬಣ್ಣ ಬಳಿಯುವ ಕೆಲಸ ಶುರುವಾಯಿತು. ಬಣ್ಣದ ವಾಸನೆ ಹವಳಕ್ಕೆ ಆಗದು. "ಎರಡು ವಾರ ಯಾರಾದರೂ ನೋಡ್ಕೊಂಡಿದ್ರೆ..." ಎಂದು ಅವರು ಎಳೆದರು. ಎಲ್ಲರೂ ತಮ್ಮ ತಮ್ಮ ಬೂಟಿನ ತುದಿ ನೋಡಿಕೊಂಡರು. ಸಮಾಧಾನಪ್ಪ ಒಬ್ಬನೇ ತಲೆಯೆತ್ತಿದ್ದ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ತೊಟ್ಟಿ ಮನೆಗೆ ಬಂದ ದಿನ ಹೆಂಡತಿ ಓಡಿಬಂದು ನೋಡಿದಳು. ಮುಖ ಸಪ್ಪಗಾಯಿತು.

"ಹವಳ ಅಂದ್ರಲ್ಲ, ಕೊರಳಿಗೆ ಹಾಕ್ಕೊಳ್ಳೋದು ಅಲ್ವಾ? ಇದೇನು, ಅಣಬೆ?"

"ಇದು ಮೆದು ಹವಳ ಕಣೇ. ಜೀವ ಇದೆ ಇದಕ್ಕೆ."

"ಜೀವ ಇದ್ಯಾ? ಹಾಗಾದ್ರೆ ನಮ್ಮನೇಲಿ ನಾಲ್ಕನೇ ಹೊಟ್ಟೆ."

ನೋಡಲು ಅದು ಅಣಬೆಯಂತೆಯೇ ಇತ್ತು: ದಪ್ಪ ಕಾಂಡ, ಮೇಲೊಂದು ಅಗಲವಾದ ಟೊಪ್ಪಿಗೆ, ಟೊಪ್ಪಿಗೆಯ ತುಂಬ ಎಳೆ ಎಳೆಯಾಗಿ ನೂರಾರು ಪುಟ್ಟ ಹೂಗಳು. ಪಂಪು ತಿರುಗಿದಂತೆ ಹೂಗಳೆಲ್ಲ ಒಟ್ಟಿಗೆ ತೂಗುತ್ತಿದ್ದವು. ಊಟ ಹಾಕುವ ಕ್ರಮವನ್ನು ಮ್ಯಾನೇಜರು ಮೂರು ಸಲ ಹೇಳಿದ್ದರು. ವಾರಕ್ಕೆ ಎರಡೇ ಸಲ. ಪಂಪು ನಿಲ್ಲಿಸಬೇಕು, ಚಿಟಿಕೆ ಪುಡಿಯನ್ನು ತೊಟ್ಟಿಯದೇ ನೀರಿನಲ್ಲಿ ಕದಡಬೇಕು, ಕಣ್ಣಿಗೆ ಔಷಧಿ ಬಿಡುವಂಥ ಕೊಳವೆಯಲ್ಲಿ ಹೂಗಳ ಮೇಲೆ ಮೆಲ್ಲಗೆ ಬಿಡಬೇಕು. "ಹೆಚ್ಚು ಹಾಕಿದ್ರೆ ನೀರು ಕೆಡುತ್ತೆ. ಉಳಿದದ್ದು ಬೆಳಕು ನೋಡ್ಕೊಳ್ಳುತ್ತೆ" ಎಂದಿದ್ದರು.

ಸಮಾಧಾನಪ್ಪ ಹೇಳಿದ್ದನ್ನು ಅಕ್ಷರಶಃ ಮಾಡಿದ. ಕೊಳವೆ ಹಿಡಿದು, ಉಸಿರು ಬಿಗಿಹಿಡಿದು, ಹೂವೊಂದೊಂದಕ್ಕೂ ತುತ್ತು ಕೊಟ್ಟ. ಹೂಗಳು ಬೆರಳು ಮಡಚಿದಂತೆ ತುತ್ತನ್ನು ಹಿಡಿದುಕೊಳ್ಳುವುದನ್ನು ನೋಡುವಾಗ, ಹೇಳಿಕೊಳ್ಳಲು ನಾಚಿಕೆಯಾದರೂ, ಅವನಿಗೆ ಒಂಥರಾ ಹಿತವಾಗುತ್ತಿತ್ತು. ಇಡೀ ದಿನದಲ್ಲಿ ಬೈಯದೆ ಕೊಟ್ಟದ್ದನ್ನು ತೆಗೆದುಕೊಳ್ಳುವ ಜೀವ ಅದೊಂದೇ.

ಎರಡು ವಾರ ಸುಖವಾಗಿಯೇ ಕಳೆದವು. ಮ್ಯಾನೇಜರು ಹವಳ ವಾಪಸು ತೆಗೆದುಕೊಳ್ಳಲು ಸಂಜೆ ಬರುವವರಿದ್ದ ರಜಾದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಾ ಹಾಲಿಗೆ ಬಂದ. ಬಾಯೊಳಗಿನ ಬ್ರಷ್ಷು ಅಲ್ಲೇ ನಿಂತಿತು.

ಹವಳ ಮುದುಡಿಕೊಂಡಿತ್ತು. ಒಂದು ಹೂವೂ ಇರಲಿಲ್ಲ. ಟೊಪ್ಪಿಗೆ ಮಳೆಗೆ ಸಿಕ್ಕ ರಟ್ಟಿನಂತೆ ಒಂದು ಕಡೆ ಜೋತುಬಿದ್ದಿತ್ತು. ಮೈಮೇಲೆಲ್ಲ ಮೇಣ ಬಳಿದಂತೆ ಮಂಕಾದ ಪೊರೆ.

"ರೀ, ನೊರೆ ನೆಲಕ್ಕೆ ಬೀಳ್ತಾ ಇದೆ" ಎಂದಳು ಹೆಂಡತಿ.

"ಹೋಯ್ತು ಕಣೇ. ಎಲ್ಲಾ ಹೋಯ್ತು."

ಮಾವ ಪೇಪರು ಮಡಚಿಟ್ಟು ಎದ್ದು ಬಂದರು. ಹೆಂಡತಿಯ ತಂದೆ, ಮೊಣಕಾಲಿನ ನೋವು ತೋರಿಸಿಕೊಳ್ಳಲು ಬಂದವರು, ನೋವು ಹೋದ ಮೇಲೂ ಉಳಿದುಕೊಂಡಿದ್ದರು.

"ಹಸಿವು ಅಳಿಯಂದ್ರೇ, ಇದು ಹಸಿವೇ. ವಾರಕ್ಕೆ ಎರಡು ಸಲ ಊಟ ಅಂದ್ರೆ ಯಾರು ತಡೀತಾರೆ? ನಾನಾಗಿದ್ರೂ ಹೀಗೇ ಬಿದ್ಕೊಂಡಿರ್ತಿದ್ದೆ. ಅದಕ್ಕೇ ದಿನಾ ಬೆಳಿಗ್ಗೆ ನಾನೂ ಒಂದು ಚಿಟಿಕೆ..."

"ಮಾವ! ದಿನಾ ಹಾಕ್ತಿದ್ರಾ?"

"ಚಿಟಿಕೆ ಅಷ್ಟೇ. ಮನೆಗೆ ಬಂದವರನ್ನ ಉಪವಾಸ ಕೆಡವೋದು ಚೆನ್ನಾಗಿರುತ್ತಾ?"

ಮಾತು ಮೇಲಿನ ಮನೆಗೆ ಕೇಳಿಸಿತು. ಮೇಲಿನ ಮನೆಯವರು ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರು. ನಿವೃತ್ತರಾದ ಮೇಲೆ ಕಾಯಿಲೆ ಎಲ್ಲಿದೆಯೋ ಅಲ್ಲಿಗೆ ಕರೆಯದೆ ಹೋಗುತ್ತಿದ್ದರು. ಮೆಟ್ಟಿಲಿಳಿದು ಬಂದವರೇ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ತೊಟ್ಟಿಯ ಮುಂದೆ ಕೂತರು. ಗಾಜಿಗೆ ಬೆರಳಿನಿಂದ ತಟ್ಟಿದರು. ಕತ್ತು ಓರೆ ಮಾಡಿ ನೋಡಿದರು.

"ಎಷ್ಟು ಹೊತ್ತಿಂದ ಹೀಗಿದೆ?"

"ಈಗ ನೋಡಿದೆ ಸಾರ್."

"ರಾತ್ರಿ ಏನಾದ್ರೂ ಒದ್ದಾಡ್ತಾ?"

"ಅದಕ್ಕೆ ಕೈಕಾಲಿಲ್ಲ ಸಾರ್."

"ಹೂಂ. ನಾಡಿ ಎಲ್ಲಿ ನೋಡೋದು ಇದಕ್ಕೆ?" ಎಂದು ತೋಳು ಮಡಚಿ ನೀರಿಗೆ ಕೈ ಇಳಿಸಿಯೇಬಿಟ್ಟರು. ಎರಡು ಬೆರಳಿನಲ್ಲಿ ಕಾಂಡ ಹಿಡಿದು ಕಣ್ಣು ಮುಚ್ಚಿದರು. ಮನೆಯವರೆಲ್ಲ ಉಸಿರು ಬಿಗಿಹಿಡಿದರು. ಕಾಂಪೌಂಡರು ಕೈ ಹೊರತೆಗೆದು, ಸೋಫಾದ ಬಟ್ಟೆಗೆ ಒರೆಸಿಕೊಂಡು, ತಲೆಯಾಡಿಸಿದರು.

"ತಣ್ಣಗಾಗಿದೆ. ಬಹಳ ಕೇಸು ನೋಡಿದೀನಿ ನಾನು. ಈ ಬಣ್ಣ, ಈ ಜೋಲು... ಧೈರ್ಯ ತಂದ್ಕೊಳ್ಳಿ."

"ಒಂದು ಟಾನಿಕ್ಕು ಹಾಕಿ ನೋಡಬಾರದಾ?" ಎಂದರು ಮಾವ.

"ಹಾಕಬಹುದು. ನನ್ನ ಹತ್ರ ಒಂದಿದೆ, ಹಸಿವಿಗೆ..."

"ಬೇಡ!" ಎಂದು ಸಮಾಧಾನಪ್ಪ ಇಬ್ಬರ ನಡುವೆ ನುಗ್ಗಿದ. ಮೊಣಕೈ ತೊಟ್ಟಿಯ ಅಂಚಿನಲ್ಲಿದ್ದ ಊಟದ ಡಬ್ಬಿಗೆ ತಗುಲಿತು. ಆರು ತಿಂಗಳ ಊಟ ಒಂದೇ ಸಲ ನೀರಿಗೆ ಬಿತ್ತು. ನೋಡನೋಡುತ್ತಿದ್ದಂತೆ ತೊಟ್ಟಿಯೊಳಗಿನ ನೀರು ಹಾಲಾಯಿತು.

"ಈಗ ಹೊಟ್ಟೆ ತುಂಬುತ್ತೆ" ಎಂದರು ಮಾವ, ಮೆಲ್ಲಗೆ.

ಮನೆಯಲ್ಲಿ ಕಲಸಿಟ್ಟಿದ್ದ ಉಪ್ಪುನೀರು ಒಂದೇ ಒಂದು ಬಕೆಟ್ಟಿನಷ್ಟಿತ್ತು. ಸಮಾಧಾನಪ್ಪ ಹವಳವನ್ನು ಅದು ಕೂತಿದ್ದ ಕಲ್ಲಿನ ಸಮೇತ ಎತ್ತಿ ಆ ಬಕೆಟ್ಟಿಗಿಳಿಸಿ, ಯಾರ ಕಾಲಿಗೂ ಸಿಗದಂತೆ, ಮಾವನ ಕಣ್ಣಿಗೂ ಬೀಳದಂತೆ ಬಚ್ಚಲುಮನೆಯ ಮೂಲೆಯಲ್ಲಿಟ್ಟ. ತೊಟ್ಟಿಯ ನೀರನ್ನೆಲ್ಲ ಸುರಿದು, ಗಾಜು ತೊಳೆದು, ಖಾಲಿ ಕ್ಯಾನುಗಳೆರಡನ್ನು ಹಿಡಿದು ಹೊಸ ನೀರಿಗಾಗಿ ಊರಿನ ಆ ತುದಿಯ ಮೀನಿನ ಅಂಗಡಿಗೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಸ್ಟಾಕ್ ರೂಮಿನ ಕುರ್ಚಿಯಲ್ಲಿ ಬೇರೆ ಯಾರೋ ಕಾಲು ಚಾಚಿ ಕೂತಿದ್ದರು.

ಅಂಗಡಿಯ ಯಜಮಾನ ಇರಲಿಲ್ಲ. ಅವನ ಅತ್ತೆ ಕೌಂಟರಿನಲ್ಲಿ ಕೂತು ಸ್ವೆಟರು ಹೆಣೆಯುತ್ತಿದ್ದಳು.

"ಅಮ್ಮ, ಹವಳ ಮುದುಡಿಕೊಂಡು ಮೇಣ ಬಳಿದ ಹಾಗಾಗಿದೆ. ಏನು ಮಾಡೋದು?"

"ನಂಗೇನ್ ಗೊತ್ತಪ್ಪ. ನಾನು ಬರೀ ಮಾರೋಳು." ಆಕೆ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಹೋಗಿದ್ರೆ ಹೋಯ್ತು ಬಿಡು. ಹೊಸದು ತಗೊ. ಅಲ್ಲಿ ಕೊನೇ ತೊಟ್ಟಿ ನೋಡು."

ಸಮಾಧಾನಪ್ಪ ನೋಡಿದ. ಕೊನೆಯ ತೊಟ್ಟಿಯಲ್ಲಿ, ನೀಲಿ ಬೆಳಕಿನ ಕೆಳಗೆ, ಮ್ಯಾನೇಜರ ಹವಳ ಕೂತಿತ್ತು. ಅದೇ ಕಾಂಡ, ಅದೇ ಟೊಪ್ಪಿಗೆ, ಅದೇ ನೂರಾರು ಹೂಗಳು. ಒಂದೇ ತಾಯಿ ಹೆತ್ತಂತಿತ್ತು. ಕಾಂಡ ಕೊಂಚ ತೆಳ್ಳಗಿತ್ತು, ಅಷ್ಟೇ. ಅವನು ಆಚೀಚೆ ನೋಡಿದ. ಜೀವಮಾನದಲ್ಲಿ ಸಣ್ಣ ಸುಳ್ಳನ್ನೂ ಸರಿಯಾಗಿ ಹೇಳಿದವನಲ್ಲ. ಆದರೆ ಹವಳ ಬಾಯಿಬಿಡುವುದಿಲ್ಲವಲ್ಲ. ಹೊಸ ಕನ್ನಡಕಕ್ಕೆಂದು ಕೂಡಿಟ್ಟಿದ್ದದ್ದೂ ಅದರ ಜೊತೆಗೆ ಬ್ಯಾಂಕಿನಲ್ಲಿದ್ದದ್ದೂ ಅಲ್ಲೇ ಕೈಬಿಟ್ಟವು.

"ಚೀಲ ಅಲ್ಲಾಡಿಸ್ಬೇಡ" ಎಂದಳು ಆಕೆ. "ನನ್ನ ಅಳಿಯ ಹಾಗಂತ ಹೇಳ್ತಿರ್ತಾನೆ. ಯಾಕೋ ಗೊತ್ತಿಲ್ಲ."

ಎರಡು ಕೈಯಲ್ಲಿ ಎರಡು ತುಂಬಿದ ಕ್ಯಾನು, ಕೊರಳಿಗೆ ತೂಗಿಬಿಟ್ಟ ನೀರಿನ ಚೀಲ. ಆ ವೇಷದಲ್ಲಿ ಅವನು ಬಸ್ಸು ಹತ್ತಿದಾಗ ಜನ ತಾವಾಗಿ ದಾರಿ ಬಿಟ್ಟರು.

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಚೀಲದೊಳಗೆ ಇಣುಕಿದಳು. "ಏನಣ್ಣ ಇದು, ಹೊಸ ಥರದ ಅಣಬೇನಾ? ಹೇಗೆ ಮಾಡೋದು ಇದನ್ನ?"

"ಮಾಡೋದಲ್ಲಮ್ಮ. ಸಾಕೋದು."

"ಅಣಬೇನ ಸಾಕ್ತೀರಾ?" ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

ಚೀಲದ ಗಂಟು ಎಲ್ಲೋ ಸಡಿಲವಾಗಿತ್ತು. ತೊಟ್ಟು ತೊಟ್ಟಾಗಿ ಸೋರಿದ ನೀರು ಅವನ ಅಂಗಿಯ ಮೇಲೆ ಇಳಿದು, ಪ್ಯಾಂಟಿನ ಮುಂಭಾಗದಲ್ಲಿ ನೆಲೆಸಿತು. ಕಂಡಕ್ಟರು ಟಿಕೆಟು ಹರಿಯುತ್ತಾ ಕೆಳಗೆ ನೋಡಿದ, ಮೇಲೆ ನೋಡಿದ, ಅವನ ಮುಖದ ಸಂಕಟ ನೋಡಿದ. ಕೂತಿದ್ದ ಯುವಕನೊಬ್ಬನ ಹೆಗಲು ತಟ್ಟಿ, "ಎದ್ದೇಳಪ್ಪ, ಯಜಮಾನ್ರಿಗೆ ಹುಷಾರಿಲ್ಲ" ಎಂದ. ಬಸ್ಸಿಗೆ ಬಸ್ಸೇ ಅವನ ಪ್ಯಾಂಟನ್ನು ನೋಡಿ, ಕನಿಕರದಿಂದ ಕಿಟಕಿಯ ಕಡೆ ತಿರುಗಿತು. ಸಮಾಧಾನಪ್ಪ ತಲೆ ತಗ್ಗಿಸಿ ಕೂತ. ವಿವರಿಸಲು ಹೋದರೆ ಇನ್ನೂ ಕೆಡುತ್ತದೆ ಎಂಬುದು ಅವನ ಕೌಂಟರು ಕಲಿಸಿದ ಪಾಠ.

ಮನೆ ಸೇರುವ ಹೊತ್ತಿಗೆ ಮಾವ ವಾಕಿಂಗಿಗೆ ಹೋಗಿದ್ದರು. ಅದು ಒಳ್ಳೆಯದೇ ಆಯಿತು. ಹೆಂಡತಿಯೊಬ್ಬಳಿಗೆ ವಿಷಯ ತಿಳಿಯಿತು. ಅವಳು ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನನಗೆ ಸುಳ್ಳು ಹೇಳೋಕೆ ಬರದ ಗಂಡ ಸಿಕ್ಕಿದಾನೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದಿದೀನಿ."

"ನಾನು ಸುಳ್ಳು ಹೇಳಲ್ಲ. ಅವರು ಕೇಳದಿದ್ರೆ ಆಯ್ತಲ್ಲ."

ನೀರು ತುಂಬಿಸಿ, ಪಂಪು ಹಚ್ಚಿ, ಚೀಲವನ್ನು ತೊಟ್ಟಿಯೊಳಗೆ ತೇಲಿಬಿಟ್ಟು, ಚೀಲದ ನೀರು ಹೊಂದಿಕೊಳ್ಳುವ ತನಕ ತೊಟ್ಟಿಯ ನೀರನ್ನು ಅದಕ್ಕೆ ಲೋಟ ಲೋಟವಾಗಿ ಸೇರಿಸಿದ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡಂತೆ ತೊಟ್ಟಿಯಲ್ಲಿ ಉಳಿದಿದ್ದ ಇನ್ನೊಂದು ಕಲ್ಲಿನ ಮೇಲೆ ಕೂರಿಸಿದ. ಅದು ಮೊದಲು ಮುದುಡಿತು. ಅವನ ಜೀವವೂ ಜೊತೆಗೇ ಮುದುಡಿತು. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಒಂದು ಹೂ ಬೆರಳು ಚಾಚಿತು. ಆಮೇಲೆ ಇನ್ನೊಂದು. ಆಮೇಲೆ ಪಟಪಟನೆ ಎಲ್ಲವೂ. ಡಬ್ಬಿಯ ತಳದಲ್ಲಿ ಅಂಟಿಕೊಂಡಿದ್ದ ಪುಡಿಯನ್ನೇ ಕೆರೆದು, ಪಂಪು ನಿಲ್ಲಿಸಿ, ಕೊಳವೆಯಲ್ಲಿ ತುತ್ತು ಕೊಟ್ಟ. ತೆಗೆದುಕೊಂಡಿತು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಮ್ಯಾನೇಜರು ನೇರವಾಗಿ ತೊಟ್ಟಿಯ ಮುಂದೆ ಹೋಗಿ ನಿಂತರು. ಒಂದು ಸುತ್ತು ಬಂದರು. ಬಗ್ಗಿ ನೋಡಿದರು. ಸಮಾಧಾನಪ್ಪನ ಬೆನ್ನಿನಲ್ಲಿ ಬೆವರು ಇರುವೆಸಾಲಿನಂತೆ ಇಳಿಯಿತು.

"ಕಾಂಡ ಸ್ವಲ್ಪ ಇಳಿದಿದೆ ಅಲ್ವಾ?"

"ಅದು... ನೀವು ಹೇಳಿದ ಹಾಗೇ ಸಾರ್, ವಾರಕ್ಕೆ ಎರಡೇ ಸಲ ಊಟ..."

"ಒಳ್ಳೇದೇ. ನನ್ನ ಹತ್ರ ತಿಂದು ತಿಂದು ಬೊಜ್ಜು ಬಂದಿತ್ತು." ಮ್ಯಾನೇಜರ ಕಣ್ಣು ಹೊಳೆಯುತ್ತಿತ್ತು. "ಆದ್ರೆ ಈ ಹೂಗಳು! ಏನ್ರೀ ಇದು! ಹೇಗೆ ಅರಳಿದೆ!"

ಆಗ ಬಚ್ಚಲುಮನೆಯಿಂದ ಮಾವನ ಕೂಗು ಕೇಳಿಸಿತು. ಹಿಂಬಾಗಿಲಿನಿಂದ ಯಾವಾಗ ಬಂದು ಸ್ನಾನಕ್ಕಿಳಿದಿದ್ದರೋ. ಮರುಕ್ಷಣವೇ ಸೊಂಟಕ್ಕೆ ಟವೆಲು ಸುತ್ತಿ, ಕನ್ನಡಕವಿಲ್ಲದ ಕಣ್ಣುಜ್ಜಿಕೊಳ್ಳುತ್ತಾ ಹಾಲಿಗೇ ಬಂದರು.

"ಏನ್ ನೀರ್ ಇಟ್ಟಿದೀರಿ ಅಳಿಯಂದ್ರೇ? ಕಣ್ಣು ಉರೀತಾ ಇದೆ! ಸೋಪು ಉಜ್ಜಿ ಉಜ್ಜಿ ಕೈ ಸೋತ್ಹೋಯ್ತು, ಒಂದು ಗುಳ್ಳೆ ನೊರೆ ಬರ್ಲಿಲ್ಲ! ಇದೇನು ಮನೇನಾ, ಸಮುದ್ರಾನಾ?"

ಸಮಾಧಾನಪ್ಪನ ಬಾಯಿ ತನ್ನ ಅಭ್ಯಾಸದಂತೆ ತಾನೇ ತೆರೆದುಕೊಂಡಿತು.

"ಸಮಾಧಾನ ಮಾವ. ನಿಮಗೆ ತೊಂದರೆ ಆಗಿದೆ, ಅದು ನಿಜ. ಕಣ್ಣುರಿ ಅಂದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ನಲ್ಲಿ ತಿರುಗಿಸಿ, ಹೊಸ ನೀರಲ್ಲಿ ಮುಖ ತೊಳ್ಕೊಳ್ಳಿ, ಒಂದೇ ನಿಮಿಷ. ಬಿಸಿನೀರು ನಾನೇ ತಂದ್ಕೊಡ್ತೀನಿ."

"ಹೂಂ. ಆಮೇಲೆ ಆ ಬಕೆಟ್ಟಲ್ಲಿ ಏನೋ ಕೂತಿದೆಯಲ್ಲ, ಚರ್ಮದ ಥರ, ಜಾರುತ್ತೆ..."

"ಸ್ಪಂಜು ಮಾವ. ಮೈಯುಜ್ಜೋ ಸ್ಪಂಜು. ಹೊಸದು."

"ಓ," ಎಂದರು ಮಾವ. ಸಿಟ್ಟು ಅರ್ಧ ಇಳಿದಿತ್ತು. "ಮೊದಲೇ ಹೇಳಬಾರದಾ?" ಎಂದು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಹಾಡು ಶುರುವಾಯಿತು.

ಮ್ಯಾನೇಜರು ಬಾಗಿಲನ್ನೂ ಅವನನ್ನೂ ಮತ್ತೆ ಮತ್ತೆ ನೋಡಿ ನಕ್ಕರು. ಸೋಫಾದ ಮೇಲೆ ಕೂತು, ಚಹಾ ಕಪ್ಪು ತೆಗೆದುಕೊಂಡು, ತೃಪ್ತಿಯಿಂದ ಒಂದು ಗುಟುಕು ಹೀರಿದರು.

"ಒಂದು ಮಾತು ಹೇಳ್ಲಾ? ಈ ಹವಳಕ್ಕೆ ಒಂದು ಕೆಟ್ಟ ಚಾಳಿ ಇದೆ. ನಿಮಗೆ ಬೇಕೂಂತಲೇ ಹೇಳಿರ್ಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮುನಿಸ್ಕೊಳ್ಳುತ್ತೆ. ಹೂವೆಲ್ಲ ಒಳಗೆ ಎಳ್ಕೊಂಡು, ಮೈಗೆಲ್ಲ ಮೇಣದ ಥರ ಪೊರೆ ಹೊದ್ದು, ಸತ್ತವರ ಹಾಗೆ ಬಿದ್ಕೊಳ್ಳುತ್ತೆ. ಹಾವು ಪೊರೆ ಬಿಟ್ಟ ಹಾಗೆ. ವಾರ ಸುಮ್ನಿದ್ರೆ ತಾನೇ ಪೊರೆ ಕಳಚಿ ಮೊದಲಿಗಿಂತ ಚೆನ್ನಾಗಿ ಅರಳುತ್ತೆ."

ಸಮಾಧಾನಪ್ಪ ಬಚ್ಚಲುಮನೆಯ ಬಾಗಿಲ ಕಡೆ ತಿರುಗಿದ.

"ಸಾ... ಸಾಯಲ್ವಾ ಸಾರ್ ಅದು?"

"ಎಲ್ಲಿ ಸಾಯುತ್ತೆ!"

ಬಚ್ಚಲುಮನೆಯೊಳಗೆ ಹಾಡು ಮೇಲೇರಿತು. ಏನನ್ನೋ ಉಜ್ಜುವ ಸದ್ದು ಹಾಡಿಗೆ ತಾಳ ಹಾಕುತ್ತಿತ್ತು. ಸಮಾಧಾನಪ್ಪ ಎದ್ದುನಿಂತ. ಮ್ಯಾನೇಜರು ಕೈ ಹಿಡಿದು ಕೂರಿಸಿದರು.

"ಕೂತ್ಕೊಳ್ರೀ, ಮುಖ್ಯ ವಿಷಯ ಇದೆ. ಸ್ಟಾಕ್ ರೂಮಿಗೆ ನಿಮ್ಮನ್ನೇ ಹಾಕೋಣ ಅಂತಿದ್ದೆ. ಅಲ್ಲಿ ಬೇಕಾದ್ದು ಇದ್ದದ್ದನ್ನ ಇದ್ದ ಹಾಗೇ ಬಿಟ್ಟು ಸುಮ್ನೆ ಕೂರೋ ಮನುಷ್ಯ. ಹವಳ ಮುನಿಸ್ಕೊಳ್ಳೋ ಕಾಲ ಇದು ಅಂತ ನನಗೆ ಗೊತ್ತಿತ್ತು. ನಿಮ್ಮ ಮನೇಲಿ ಮುದುಡಿಕೊಂಡಿರುತ್ತೆ, ನೀವು ಸುಮ್ನೆ ಬಿಟ್ಟಿರ್ತೀರಿ, ಸರಿಹೋಯ್ತು, ನೀವೇ ಸ್ಟಾಕ್ ರೂಮಿಗೆ. ಹಾಗೆ ಲೆಕ್ಕ ಹಾಕಿದ್ದೆ."

"ಸಾರ್, ನಿಜ ಹೇಳ್ಬೇಕು ಅಂದ್ರೆ..."

"ಆದ್ರೆ ನೀವು ಮುನಿಸ್ಕೊಳ್ಳೋಕೇ ಬಿಡ್ಲಿಲ್ಲ! ಎಂಟು ವರ್ಷ ಸಾಕಿದೀನಿ, ನನ್ನ ಕೈಲಾಗಿಲ್ಲ ಅದು. ಆಮೇಲೆ ಈಗ ಇವರು! ಟವೆಲಲ್ಲಿ ಕೂಗಾಡ್ಕೊಂಡು ಬಂದವರು ಹಾಡು ಹೇಳ್ಕೊಂಡು ವಾಪಸ್ ಹೋದ್ರು. ನನ್ನ ಕಣ್ಣಾರೆ ನೋಡ್ದೆ. ಮುನಿದವರನ್ನ ಅರಳಿಸೋ ಇಂಥ ಕೈನ ತಗೊಂಡ್ಹೋಗಿ ರಟ್ಟಿನ ಡಬ್ಬಗಳ ಮಧ್ಯೆ ಕೂರಿಸಿದ್ರೆ ನನ್ನಂಥ ದಡ್ಡ ಇನ್ನೊಬ್ಬ ಇಲ್ಲ. ನಾನಿರೋ ತನಕ ದೂರಿನ ಕೌಂಟರು ನಿಮ್ಮದೇ. ಯಾರೂ ಅಲ್ಲಾಡಿಸೋ ಹಾಗಿಲ್ಲ."

ನಿಜ ಹೇಳಿದರೆ ಕಳ್ಳನಾಗಬೇಕು, ಸುಮ್ಮನಿದ್ದರೆ ಕೌಂಟರಿನಲ್ಲೇ ಮುದುಕನಾಗಬೇಕು. ಸಮಾಧಾನಪ್ಪ ಬಾಯಿ ತೆರೆದ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದ, ಬಾಯಿ ಮುಚ್ಚಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಹೆಗಲು ಅಲುಗಾಡುತ್ತಿತ್ತು. ಅಳುವಲ್ಲ ಅದು.

"ಪಾಪ, ನಿಮ್ಮವರಿಗೆ ಸಂತೋಷ ತಡೆಯೋಕಾಗ್ತಿಲ್ಲ" ಎಂದರು ಮ್ಯಾನೇಜರು. ಹವಳವನ್ನು ತಾವು ತಂದಿದ್ದ ಡಬ್ಬಕ್ಕಿಳಿಸಿಕೊಂಡು ಎದ್ದರು. "ಈ ತೊಟ್ಟಿ, ದೀಪ, ಪಂಪು ಎಲ್ಲ ನಿಮಗೇ ಇರ್ಲಿ, ನನ್ನ ಕಡೆಯಿಂದ. ಬಣ್ಣ ಬಳಿದ ಮನೆಗೆ ನಾನು ಹೊಸ ತೊಟ್ಟಿ ತರಿಸಿದೀನಿ. ಖಾಲಿ ಮಾತ್ರ ಬಿಡಬೇಡಿ."

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವುದನ್ನೂ ಕಾಯದೆ ಸಮಾಧಾನಪ್ಪ ಬಚ್ಚಲುಮನೆಯ ಬಾಗಿಲು ಬಡಿದ. ಮಾವ ಬಾಗಿಲು ತೆರೆದರು. ಒಂದು ಕೈಯಲ್ಲಿ ಕಲ್ಲಿನ ಸಮೇತ ಹವಳ. ಮೊಣಕೈಯ ಮೇಲೆ ಕಲ್ಲಿನ ಗೀರುಗಳು.

"ಸ್ಪಂಜು ಪರವಾಗಿಲ್ಲ ಅಳಿಯಂದ್ರೇ. ಒಂದು ಕಡೆ ಕೊಂಚ ಗಟ್ಟಿ ಆಯ್ತು. ಮೇಲೊಂದು ಪೊರೆ ಇತ್ತು ನೋಡಿ, ಪ್ಲಾಸ್ಟಿಕ್ಕೇನೋ, ಅಂಗಡಿಯವನು ತೆಗೆಯೋದೇ ಮರೆತಿದಾನೆ. ಉಜ್ಜಿ ಉಜ್ಜಿ ನಾನೇ ತೆಗೆದೆ."

"ಸೋಪು? ಸೋಪು ಹಚ್ಚಿದ್ರಾ ಮಾವ?"

"ನೊರೆನೇ ಬರದ ಮೇಲೆ ಯಾಕೆ ಹಚ್ಚಲಿ? ಬಿಸಾಕ್ದೆ."

ಸಮಾಧಾನಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹಾಲಿಗೆ ಓಡಿ, ತೊಟ್ಟಿಯ ನೀರಿಗಿಳಿಸಿದ. ಕಾಂಪೌಂಡರು ಮೇಲಿನಿಂದ ಇಳಿದು ಬಂದರು, ಮತ್ತೆ ನೀರಿಗೆ ಕೈ ಹಾಕಿದರು, ಕಣ್ಣು ಮುಚ್ಚಿದರು. "ನಾನು ಬೆಳಿಗ್ಗೇನೇ ಹೇಳಲಿಲ್ವಾ, ಧೈರ್ಯ ತಂದ್ಕೊಳ್ಳಿ ಅಂತ" ಎಂದು ಸೋಫಾದ ಬಟ್ಟೆಗೆ ಕೈ ಒರೆಸಿಕೊಂಡರು.

ಮರುದಿನವೂ ಅದು ಮುದುಡಿಯೇ ಇತ್ತು, ಅದರ ಮರುದಿನವೂ. ಸಮಾಧಾನಪ್ಪ ಏನೂ ಮಾಡಲಿಲ್ಲ. ಯಾರಿಗೂ ಏನೂ ಮಾಡಲು ಬಿಡಲಿಲ್ಲ. ವಾರ ಕಳೆಯುವ ಹೊತ್ತಿಗೆ ಟೊಪ್ಪಿಗೆ ತಲೆಯೆತ್ತಿತು, ಹೂಗಳು ಒಂದೊಂದಾಗಿ ಹೊರಬಂದವು, ಮೊದಲಿಗಿಂತ ಉದ್ದವಾಗಿ, ಮೊದಲಿಗಿಂತ ಹಚ್ಚಗೆ. ಅಂಗಡಿಯಿಂದ ಬೈಸಿಕೊಂಡು ಬಂದ ಸಂಜೆ ಅವನು ಪಂಪು ನಿಲ್ಲಿಸಿ, ಕೊಳವೆ ಹಿಡಿದು, ಅದರ ಮುಂದೆ ಕೂರುತ್ತಾನೆ. ವಾರಕ್ಕೆ ಎರಡು ಸಲ ಮಾತ್ರ. ಮಾವನಿಗೆ ಡಬ್ಬಿ ಎಲ್ಲಿದೆಯೆಂದು ಹೇಳಿಲ್ಲ.

ಸ್ಟಾಕ್ ರೂಮಿನ ಕುರ್ಚಿಗೆ ಬೇರೆ ಯಾರೋ ಬಂದರು. ಸಮಾಧಾನಪ್ಪನ ಮನೆಯಲ್ಲಿ ಮ್ಯಾನೇಜರ ಹವಳ ಉಳಿಯಿತು, ಮ್ಯಾನೇಜರ ಮನೆಯಲ್ಲಿ ಸಮಾಧಾನಪ್ಪನದು.